ಕೊಂಡ ಆಟ ನಿಮ್ಮ ಕೈಯಲ್ಲೇ ಇರಲಿ

ಹಾವೇರಿಯ ಓದುಗರೊಬ್ಬರು ಬರೆದಿದ್ದಾರೆ. ಅವರ ಊರಿನಲ್ಲಿ ಬಾಗಿಲು ಹಾಕಿದ ಸೈಬರ್ ಕೆಫೆಯೊಂದರ ಹಳೆಯ ಆಟಗಳ ಸಿ.ಡಿ. ಕಟ್ಟು ಮಾರಾಟಕ್ಕೆ ಬಂದಿದೆಯಂತೆ. ಅದರಲ್ಲಿ ಏಜ್ ಆಫ್ ಎಂಪೈರ್ಸ್, ವೈಸ್ ಸಿಟಿ, ಕ್ವೇಕ್, ಜೊತೆಗೆ ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ ಒಂದಷ್ಟು ಆಟಗಳಿವೆ. ಮನೆಯಲ್ಲಿರುವುದು ವಿಂಡೋಸ್ 11ರ ಲ್ಯಾಪ್‌ಟಾಪ್. ‘ನಡೆಯದ ಆಟಕ್ಕೆ ದುಡ್ಡು ಯಾಕೆ? ಹೊಸ ಆವೃತ್ತಿ ತಗೊಳ್ಳಿ, ಇಲ್ಲ ನೆಟ್‌ನಲ್ಲಿ ಬಿಟ್ಟಿ ಇಳಿಸಿಕೊಳ್ಳಿ’ ಎನ್ನುವುದು ಮಗನ ವಾದ. ಹಳೆಯದನ್ನೇ ಕೊಳ್ಳುವ ಆಸೆ ತಪ್ಪೇ, ಕೊಳ್ಳುವುದಾದರೆ ಹೇಗೆ ಎಂಬುದು ಅವರ ಪ್ರಶ್ನೆ.

ಆಸೆ ಖಂಡಿತ ತಪ್ಪಲ್ಲ. ಕೊಳ್ಳುವ ಮುಂಚೆಯೇ ಕೇಳಿದಿರಲ್ಲ, ಅದಕ್ಕೇ ನಿಮ್ಮನ್ನು ಮೆಚ್ಚಬೇಕು. ದುಡ್ಡು ಕೊಟ್ಟು, ಕಪ್ಪು ಪರದೆ ನೋಡಿ, ಆಮೇಲೆ ಪರಿಹಾರ ಹುಡುಕುವವರೇ ಹೆಚ್ಚು. ಮಗನ ಮಾತಿನಲ್ಲೂ ಹುರುಳಿದೆ. ಯಾವ ತಲೆನೋವೂ ಇಲ್ಲದೆ ಕೂತು ಆಡಬೇಕು ಅನ್ನುವವರಿಗೆ 2019ರ ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಎಡಿಷನ್‌ನಂಥದ್ದು ಸಾಕು, ಅದು ಚೆನ್ನಾಗಿಯೂ ಇದೆ. ಇಷ್ಟು ಒಪ್ಪಿಕೊಂಡು ನಿಮ್ಮ ಪಕ್ಷಕ್ಕೆ ಬರುತ್ತೇನೆ.

ಮೊದಲು ಹಳೆಯ ಡಿಸ್ಕ್ ಮುಷ್ಕರ ಹೂಡುವುದು ಏಕೆ ಎಂಬುದನ್ನು ತಿಳಿದುಕೊಳ್ಳಿ. ವಿಂಡೋಸ್ 95 ಕಾಲದ ಎಷ್ಟೋ ಆಟಗಳು 32 ಬಿಟ್‌ನವು. ಇವತ್ತಿನ 64 ಬಿಟ್ ವಿಂಡೋಸ್ ಅವನ್ನು ನಡೆಸಬಲ್ಲದು. ಆದರೆ ಅವನ್ನು ಕಂಪ್ಯೂಟರಿಗೆ ಇಳಿಸುವ ಸೆಟಪ್ ಪ್ರೋಗ್ರಾಂ ಅನೇಕ ಸಲ ಅದಕ್ಕೂ ಹಳೆಯ 16 ಬಿಟ್ ಬಗೆಯದು. 64 ಬಿಟ್ ವಿಂಡೋಸ್‌ನಲ್ಲಿ ಅದನ್ನು ನಡೆಸುವ ಏರ್ಪಾಡೇ ಇಲ್ಲ, 2021ರ ವಿಂಡೋಸ್ 11ಕ್ಕಂತೂ 32 ಬಿಟ್ ಆವೃತ್ತಿಯೇ ಬರಲಿಲ್ಲ. ಮನೆ ಗಟ್ಟಿಯಾಗಿದೆ, ಬಾಗಿಲ ಬೀಗಕ್ಕೆ ಮಾತ್ರ ತುಕ್ಕು ಹಿಡಿದಿದೆ. ಕೆಲವು ಹಳೆಯ ಇನ್‌ಸ್ಟಾಲ್‌ಶೀಲ್ಡ್ ಸೆಟಪ್‌ಗಳನ್ನು ವಿಂಡೋಸ್ ತಾನೇ ಗುರುತಿಸಿ 32 ಬಿಟ್ ಎಂಜಿನ್ ಹಚ್ಚುತ್ತದೆ, ಆದ್ದರಿಂದ ಒಮ್ಮೆ ಪ್ರಯತ್ನಿಸಿ ನೋಡಿ. ಆಗಲಿಲ್ಲವೇ? ಓಟಿವಿಡಿಎಂ ಎಂಬ ಉಚಿತ ಸಾಧನ ಹಾಕಿ ಅದರ ಮೂಲಕ ಸೆಟಪ್ ತೆರೆಯಿರಿ. ಅದೂ ಆಗದಿದ್ದರೆ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್‌ನಲ್ಲಿ 32 ಬಿಟ್ ವಿಂಡೋಸ್ ಎಕ್ಸ್‌ಪಿ ಕೂರಿಸಿ, ಆಟವನ್ನು ಅಲ್ಲಿ ಇನ್‌ಸ್ಟಾಲ್ ಮಾಡಿ, ಆ ಫೋಲ್ಡರನ್ನು ಹೊರಗೆ ನಕಲು ಮಾಡಿಕೊಳ್ಳಿ. ನಕಲು ಮಾಡಿದ ಮೇಲೂ ‘ಆಟ ಇನ್‌ಸ್ಟಾಲ್ ಆಗಿಲ್ಲ’ ಎಂದು ಅದು ಹಟ ಹಿಡಿದರೆ ವಿಂಡೋಸ್ ತನ್ನ ವಿವರಗಳನ್ನು ಬರೆದಿಡುವ ರಿಜಿಸ್ಟ್ರಿಯ ನಮೂದು ಬಂದಿಲ್ಲ ಎಂದರ್ಥ. ಎಕ್ಸ್‌ಪಿಯಿಂದ ಆ ಕೀಲಿಯನ್ನು ಎಕ್ಸ್‌ಪೋರ್ಟ್ ಮಾಡಿ ತನ್ನಿ. 64 ಬಿಟ್ ವಿಂಡೋಸ್‌ನಲ್ಲಿ ಅದು ಸೇರಬೇಕಾದ ಜಾಗ ಸಾಫ್ಟ್‌ವೇರ್ ಕೀಲಿಯ ಒಳಗಿರುವ ವಾವ್6432ನೋಡ್ ಎಂಬ ಕವಲು. ಎಲ್ಲರೂ ಎಡವುವುದು ಇಲ್ಲೇ.

ಎರಡನೆಯ ಅಡ್ಡಿ ಇದಕ್ಕಿಂತ ಕಠೋರ. 2000ದ ಆಚೀಚೆ ಬಂದ ಅನೇಕ ಡಿಸ್ಕ್‌ಗಳ ಮೇಲೆ ಸೇಫ್‌ಡಿಸ್ಕ್ ಅಥವಾ ಸೆಕ್ಯುರಾಮ್ ಎಂಬ ನಕಲು ತಡೆಯುವ ಕಾವಲಿದೆ. ಸೇಫ್‌ಡಿಸ್ಕ್ ಕೆಲಸ ಮಾಡುತ್ತಿದ್ದುದು ವಿಂಡೋಸಿನ ಹೊಟ್ಟೆಯೊಳಗೆ ಕೂತ ಒಂದು ಡ್ರೈವರ್‌ನಿಂದ. ಅದರಲ್ಲಿ ಭದ್ರತೆಯ ಬಿರುಕಿತ್ತು. 2015ರಲ್ಲಿ ಬಂದ ವಿಂಡೋಸ್ 10 ಅದನ್ನು ಕೈಬಿಟ್ಟಿತು, ಅದೇ ವರ್ಷದ ಸೆಪ್ಟೆಂಬರ್‌ನ ಅಪ್‌ಡೇಟ್ ಹಳೆಯ ವಿಂಡೋಸ್‌ಗಳಲ್ಲೂ ಅದನ್ನು ನಿಷ್ಕ್ರಿಯಗೊಳಿಸಿತು. ಮೈಕ್ರೋಸಾಫ್ಟ್ ಮಾಡಿದ್ದು ಸರಿಯೇ. ಆದರೆ ಪರಿಣಾಮ ನೋಡಿ: ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಕೊಂಡವನ ಅಸಲಿ ಡಿಸ್ಕ್ ಒಂದು ಬೆಳಿಗ್ಗೆ ನಿಂತುಹೋಯಿತು, ಕದ್ದವನ ಪ್ರತಿ ನಿರಾತಂಕವಾಗಿ ನಡೆಯಿತು. ಪ್ರಾಮಾಣಿಕನನ್ನೇ ದಂಡಿಸುವ ಇಂಥ ಬೀಗಗಳನ್ನು ನಾನು ಒಂದು ಕ್ಷಣಕ್ಕೂ ಸಮರ್ಥಿಸಲಾರೆ. ಯಾವ ಡಿಸ್ಕ್‌ಗೆ ಯಾವ ಕಾವಲು ಎಂದು ಪಿಸಿಗೇಮಿಂಗ್‌ವಿಕಿ ಎಂಬ ಜಾಲತಾಣದಲ್ಲಿ ಆಟದ ಹೆಸರು ಹಾಕಿದರೆ ಸಿಗುತ್ತದೆ. ಕೊಳ್ಳುವ ಮುಂಚೆ ಅಲ್ಲಿ ಐದು ನಿಮಿಷ ಕಳೆಯಿರಿ. ಸೇಫ್‌ಡಿಸ್ಕ್ ಎಂದು ಬರೆದಿದ್ದರೆ ಆ ಡಿಸ್ಕನ್ನು ಆಡುವುದಕ್ಕೆಂದು ಕೊಳ್ಳಬೇಡಿ.

ಡಾಸ್ ಆಟಗಳ ವಿಷಯದಲ್ಲಿ ಹೆದರಿಕೆ ಬೇಡ. ಅವು ಕೆಡುವುದು ಸಾಮಾನ್ಯವಾಗಿ ವೇಗದಿಂದ. ಪ್ರೊಸೆಸರ್ ಎಷ್ಟು ಓಡುತ್ತದೋ ಅಷ್ಟು ವೇಗವಾಗಿ ಓಡುವಂತೆ ಬರೆದ ಆಟಗಳಿದ್ದವು. ಟರ್ಬೊ ಪಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಸಾಧನದಲ್ಲಿ ಬರೆದವುಗಳ ಕಥೆ ಇನ್ನೂ ಸ್ವಾರಸ್ಯ. ಅದರ ಸಿಆರ್‌ಟಿ ಘಟಕ ಶುರುವಿನಲ್ಲೇ 55 ಮಿಲಿಸೆಕೆಂಡಿನಲ್ಲಿ ಎಷ್ಟು ಸುತ್ತು ಆದವೆಂದು ಎಣಿಸಿ 55ರಿಂದ ಭಾಗಿಸುತ್ತಿತ್ತು. ಪ್ರೊಸೆಸರ್ ವೇಗ ಸುಮಾರು 200 ಮೆಗಾಹರ್ಟ್ಸ್ ದಾಟಿದ್ದೇ ಭಾಗಲಬ್ಧ ತನಗಿದ್ದ ಮಿತಿಯಾದ 65,535 ಮೀರಿ, ಆಟ ತೆರೆಯುವ ಮೊದಲೇ ‘ರನ್‌ಟೈಮ್ ಎರರ್ 200’ ಎಂದು ಮುಗ್ಗರಿಸುತ್ತಿತ್ತು. ಇವೆಲ್ಲಕ್ಕೂ ಮದ್ದು ಹಳೆಯ ಡಾಸ್ ಕಂಪ್ಯೂಟರನ್ನು ಅನುಕರಿಸುವ ಡಾಸ್‌ಬಾಕ್ಸ್ ಪ್ರೋಗ್ರಾಂ. ಹೊಸದಾಗಿ ಹಾಕುವವರು ಡಾಸ್‌ಬಾಕ್ಸ್ ಸ್ಟೇಜಿಂಗ್ ಹಾಕಿಕೊಳ್ಳಿ. ವೇಗ ನಿರ್ಧರಿಸುವ ‘ಸೈಕಲ್ಸ್’ ಸಂಖ್ಯೆಯನ್ನು 3000ದಿಂದ ಶುರು ಮಾಡಿ, ಕಂಟ್ರೋಲ್ ಜೊತೆ ಎಫ್12 ಒತ್ತಿದರೆ ಏರುತ್ತದೆ, ಎಫ್11 ಒತ್ತಿದರೆ ಇಳಿಯುತ್ತದೆ. ಸಂಗೀತ ತುಂಡುತುಂಡಾಗಿ ಕೇಳಿಸಿತೆಂದರೆ ಅತಿಯಾಗಿ ಏರಿಸಿದ್ದೀರಿ. ಮೌಸ್ ಒಳಗೇ ಸಿಕ್ಕಿಕೊಂಡರೆ ಕಂಟ್ರೋಲ್-ಎಫ್10. ಮಂಕಿ ಐಲ್ಯಾಂಡ್ ಬಗೆಯ ಆಟಗಳಿಗೆ ಡಾಸ್‌ಬಾಕ್ಸ್ ಕೂಡ ಬೇಡ, ಇಂಥ ಆಟಗಳನ್ನು ನಡೆಸಲೆಂದೇ ಇರುವ ಸ್ಕಮ್‌ವಿಎಂ ಪ್ರೋಗ್ರಾಂ ಸಾಕು. ಅದಕ್ಕೆ ಬೇಕಾದದ್ದು ಡಿಸ್ಕಿನ ದತ್ತಾಂಶ ಫೈಲುಗಳು ಮಾತ್ರ.

ವಿಂಡೋಸ್ ಆಟಗಳಿಗೆ ನಾಲ್ಕು ಮಾತು. ಆಟವನ್ನು ಪ್ರೋಗ್ರಾಂ ಫೈಲ್ಸ್‌ನಲ್ಲಿ ಹಾಕದೆ ಸಿ ಡ್ರೈವಿನಲ್ಲಿ ಬೇರೆಯೇ ಫೋಲ್ಡರ್ ಮಾಡಿ ಹಾಕಿ. ಇಲ್ಲವಾದರೆ ನೀವು ಉಳಿಸಿದ ಆಟ ವರ್ಚುವಲ್‌ಸ್ಟೋರ್ ಎಂಬ ಮೂಲೆಗೆ ಹೋಗಿ ಕೂರುತ್ತದೆ, ಹುಡುಕಿ ಹುಡುಕಿ ಸುಸ್ತಾಗುತ್ತೀರಿ. ಡಿ3ಡಿಎಕ್ಸ್9 ಹೆಸರಿನ ಫೈಲು ಇಲ್ಲವೆಂದು ದೂರಿದರೆ ಸಿಕ್ಕ ಸಿಕ್ಕ ತಾಣದಿಂದ ಆ ಒಂದೇ ಫೈಲನ್ನು ಇಳಿಸಬೇಡಿ, ಮೈಕ್ರೋಸಾಫ್ಟಿನ ಜೂನ್ 2010ರ ಡೈರೆಕ್ಟ್‌ಎಕ್ಸ್ ರನ್‌ಟೈಮ್ ಹಾಕಿ. ಡೈರೆಕ್ಟ್‌ಪ್ಲೇ ಕೇಳಿದರೆ ವಿಂಡೋಸ್ ಫೀಚರ್ಸ್‌ನಲ್ಲಿ ಲೆಗಸಿ ಕಾಂಪೊನೆಂಟ್ಸ್ ಅಡಿ ಅದಕ್ಕೆ ಗುರುತು ಹಾಕಿ. ಬಣ್ಣ ಚೆಲ್ಲಾಪಿಲ್ಲಿಯಾದರೆ, ಚಿತ್ರ ಮಿನುಗಿದರೆ, ಹಳೆಯ ಗ್ರಾಫಿಕ್ಸ್ ಆದೇಶಗಳನ್ನು ಹೊಸದಕ್ಕೆ ಭಾಷಾಂತರಿಸುವ ಡಿಜಿವೂಡೂ 2 ಇಳಿಸಿ ಅದರ ಎಕ್ಸ್86 ಫೋಲ್ಡರಿನ ಡಿಡ್ರಾ ಮತ್ತು ಡಿ3ಡಿಇಮ್ ಫೈಲುಗಳನ್ನು ಆಟದ ಫೋಲ್ಡರಿಗೆ ಹಾಕಿ. ಏಜ್ ಆಫ್ ಎಂಪೈರ್ಸ್‌ನಂಥ 256 ಬಣ್ಣದ ಆಟಗಳ ರೋಗಕ್ಕೆ ಹೆಚ್ಚಿನ ಸಲ ಇಷ್ಟೇ ಸಾಕು. ವೈಸ್ ಸಿಟಿಗೆ ಅದರ ದೋಷಗಳನ್ನು ತಿದ್ದುವ ಸೈಲೆಂಟ್‌ಪ್ಯಾಚ್ ಹಾಕಿ, ಚಿತ್ರದ ವೇಗಕ್ಕೆ ಮಿತಿ ಹಾಕುವ ಫ್ರೇಮ್ ಲಿಮಿಟರ್ ಅನ್ನು ಆಫ್ ಮಾಡಬೇಡಿ. ಆಫ್ ಮಾಡಿದರೆ ವಾಹನಗಳ ಚಲನೆಯೇ ಕೆಡುತ್ತದೆ.

ಡಿಸ್ಕ್ ಬದಲು ಡಿಜಿಟಲ್ ಪ್ರತಿ ಕೊಳ್ಳುವುದಾದರೆ ನನ್ನ ಓಟು 2008ರಲ್ಲಿ ‘ಗುಡ್ ಓಲ್ಡ್ ಗೇಮ್ಸ್’ ಆಗಿ ಶುರುವಾದ ಜಿಒಜಿ ಎಂಬ ಆನ್‌ಲೈನ್ ಅಂಗಡಿಗೆ. ಅಲ್ಲಿ ಕೊಂಡ ಆಟಕ್ಕೆ ಬೀಗವಿಲ್ಲ, ಡಾಸ್‌ಬಾಕ್ಸ್ ಮೊದಲಾದವನ್ನು ಹೊಂದಿಸಿಯೇ ಕೊಡುತ್ತಾರೆ, ನಡೆಯದಿದ್ದರೆ 30 ದಿನದೊಳಗೆ ಹಣ ವಾಪಸು. ಸ್ಟೀಮ್ ಎಂಬ ಇನ್ನೊಂದು ಅಂಗಡಿಯಲ್ಲಿ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಮಾತ್ರ ವಾಪಸು. ಹಾಗಾಗಿ ಕೊಂಡ ದಿನವೇ ತೆರೆದು ಆಟ ಉಳಿಸಿ, ಮತ್ತೆ ತೆರೆದು ಉಳಿಸಿದ್ದು ಸಿಗುತ್ತದೆಯೇ ನೋಡಿ, ಮೊದಲ ದೃಶ್ಯಾವಳಿ ಕಾಣಿಸುತ್ತದೆಯೇ ನೋಡಿ. ಜಿಒಜಿಯಲ್ಲಿ ಕೊಂಡವರು ಮರೆಯಬಾರದ ಕೆಲಸ ಒಂದಿದೆ. ಖಾತೆಯ ಪುಟದಲ್ಲಿರುವ ಆಫ್‌ಲೈನ್ ಇನ್‌ಸ್ಟಾಲರ್ ಇಳಿಸಿಕೊಳ್ಳಿ. ದೊಡ್ಡ ಆಟವಾದರೆ ಒಂದು ಇಎಕ್ಸ್‌ಇ ಜೊತೆ ಹಲವು ಬಿನ್ ತುಂಡುಗಳಿರುತ್ತವೆ, ಒಂದನ್ನೂ ಬಿಡಬೇಡಿ. ವೈ-ಫೈ ಆಫ್ ಮಾಡಿ ಒಮ್ಮೆ ಇನ್‌ಸ್ಟಾಲ್ ಮಾಡಿ ಪರೀಕ್ಷಿಸಿ, ಆಮೇಲೆ ಎರಡು ಬೇರೆ ಡ್ರೈವ್‌ಗಳಲ್ಲಿ ಇಡಿ. 2024ರ ಡಿಸೆಂಬರ್‌ನಲ್ಲಿ ವಾರ್‌ಕ್ರಾಫ್ಟ್‌ನ ಮೊದಲೆರಡು ಆಟಗಳ ಮಾರಾಟ ಅಲ್ಲಿ ನಿಂತಿತು. ಕೊಂಡಿದ್ದವರ ಬಳಿ ಅವು ಉಳಿದವು.

ಬಿಟ್ಟಿ ಇಳಿಸಿಕೊಳ್ಳುವ ಮಾತನ್ನು ಪತ್ರದಲ್ಲಿ ನೀವೂ ಅರ್ಧ ಮನಸ್ಸಿನಿಂದ ಒಪ್ಪಿದ ಹಾಗಿದೆ. ಬೇಡ. ‘ಯಾರೂ ಮಾರುತ್ತಿಲ್ಲ, ಆದ್ದರಿಂದ ಯಾರದೂ ಅಲ್ಲ’ ಎಂಬ ವರ್ಗ ನಮ್ಮ ಕಾನೂನಿನಲ್ಲಿಲ್ಲ. 1990ರ ಆಟದ ಹಕ್ಕು ಮುಗಿಯಲು ಇನ್ನೂ ದಶಕಗಳಿವೆ. ಜೊತೆಗೆ ಬರುವ ವೈರಸ್ಸು ಬೇರೆ. ಹಾಗೆಂದು ಕಾನೂನು ಪೂರ್ತಿ ಕೈಕಟ್ಟಿಯೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು, ನ್ಯಾಯವಾಗಿ ಪ್ರತಿ ಹೊಂದಿದವನು ನಷ್ಟದ ವಿರುದ್ಧ ರಕ್ಷಣೆಗಾಗಿ ಬ್ಯಾಕಪ್ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ಅಸಲಿ ಡಿಸ್ಕ್ ಕೈಗೆ ಬಂದ ದಿನವೇ ಯುಎಸ್‌ಬಿ ಡಿವಿಡಿ ಡ್ರೈವ್ ಹಚ್ಚಿ ಪ್ರತಿ ತೆಗೆದಿಡಿ. ಡಿಸ್ಕಿನ ಪ್ರತಿ ಉಳಿಸುವ ಫೈಲಿನ ಬಗೆಗಳಲ್ಲಿ ಐಎಸ್‌ಒ ಬೇಡ, ಬಿನ್-ಕ್ಯೂ ಜೋಡಿ ಇರಲಿ. 1996ರ ಕ್ವೇಕ್‌ನಂಥ ಆಟಗಳ ಸಂಗೀತ ಆಡಿಯೊ ಸಿ.ಡಿ. ಟ್ರ್ಯಾಕಿನ ರೂಪದಲ್ಲಿದೆ. ಐಎಸ್‌ಒ ಮಾಡಿದರೆ ಅದು ಬರುವುದಿಲ್ಲ, ಮೂಕ ಆಟ ಆಡಬೇಕಾಗುತ್ತದೆ.

ಈಗ ‘ಹೊಸ ಆವೃತ್ತಿ ತಗೊಳ್ಳಿ’ ಎಂಬ ಮಾತು. ಹೊಸದು ಬರಲಿ, ಬೇಡ ಅನ್ನುವುದಿಲ್ಲ. ಹೊಸದು ಬಂದಾಗ ಹಳೆಯದನ್ನು ಕಿತ್ತೊಗೆಯುತ್ತಾರಲ್ಲ, ಸಂಕಟ ಅದು. 2021ರಲ್ಲಿ ವೈಸ್ ಸಿಟಿಯ ಡೆಫಿನಿಟಿವ್ ಎಡಿಷನ್ ಬರುವ ಮುನ್ನ ಮೂಲ ಆಟವನ್ನು ಮಾರಾಟದಿಂದ ತೆಗೆದರು. ಹೊಸದರ ಗುಣಮಟ್ಟ ಕಂಡು ಜನ ಗಲಾಟೆ ಮಾಡಿದ ಮೇಲೆ ಪಿಸಿಗೆ ಮತ್ತೆ ತಂದರು. 1997ರ ಬ್ಲೇಡ್ ರನ್ನರ್ ಆಟಕ್ಕೂ ಇದೇ ಗತಿ. ಸ್ಕಮ್‌ವಿಎಂ ಸ್ವಯಂಸೇವಕರ ದುಡಿಮೆಯಿಂದ 2019ರಲ್ಲಿ ಅದು ಮತ್ತೆ ಮಾರಾಟಕ್ಕೆ ಬಂತು. 2022ರಲ್ಲಿ ‘ಸುಧಾರಿತ’ ಆವೃತ್ತಿ ಬಂದಾಗ ಅದನ್ನು ಬದಿಗೆ ಸರಿಸಿದರು, ದೂರು ಬಂದ ಮೇಲೆ ಮರಳಿಸಿದರು. ವೈಸ್ ಸಿಟಿಯ ಸರಣಿಯದೇ ಆದ ಜಿಟಿಎ 4ರ ಹಲವು ಹಾಡುಗಳ ಪರವಾನಗಿ ಹತ್ತು ವರ್ಷಕ್ಕೆ ಮುಗಿದು, 2018ರಲ್ಲಿ ಒಂದು ಅಪ್‌ಡೇಟ್ ಬಂದು ಅದಾಗಲೇ ಕೊಂಡವರ ಪ್ರತಿಯಿಂದಲೂ ಆ ಹಾಡುಗಳು ಹೋದವು. 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87 ಈಗ ಮಾರಾಟದಲ್ಲೇ ಇಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು.

ಸರ್ವರ್ ಮೇಲೆ ನಿಂತ ಆಟಗಳದ್ದು ಇನ್ನೂ ಕಷ್ಟ. 2014ರ ಮೇ 31ಕ್ಕೆ ಆಟಗಾರರನ್ನು ನೆಟ್ ಮೂಲಕ ಜೋಡಿಸುತ್ತಿದ್ದ ಗೇಮ್‌ಸ್ಪೈ ಸೇವೆ ನಿಂತಾಗ ಎಷ್ಟೋ ಆಟಗಳ ಜಂಟಿ ಆಟದ ಬಾಗಿಲು ಮುಚ್ಚಿತು. ಯೂಬಿಸಾಫ್ಟ್‌ನ ದ ಕ್ರೂ 2014ರಲ್ಲಿ ಬಂದು 2024ರ ವಸಂತದಲ್ಲಿ ಸರ್ವರ್ ಆರಿದೊಡನೆ ಒಂಟಿಯಾಗಿ ಆಡಲೂ ಬಾರದಂತಾಯಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಮಾರುತ್ತಿರುವುದು ಬರೀ ಪರವಾನಗಿ ಎಂದು ಗ್ರಾಹಕನಿಗೆ ಸ್ಪಷ್ಟವಾಗಿ ಹೇಳಬೇಕೆಂಬ ಕಾನೂನಿದೆ. ಇಳಿಸಿಕೊಂಡು ನೆಟ್ ಇಲ್ಲದೆಯೂ ಶಾಶ್ವತವಾಗಿ ಬಳಸಬಹುದಾದ ಪ್ರತಿಗೆ ಅದರಿಂದ ವಿನಾಯಿತಿ. ಆ ಒಂದು ವಿನಾಯಿತಿಯಲ್ಲಿ ನನ್ನ ವಾದವೆಲ್ಲ ಅಡಗಿದೆ. ನಮ್ಮಲ್ಲಿ ಇಂಥ ಚರ್ಚೆಯೇ ಶುರುವಾಗಿಲ್ಲ.

ದಾರಿ ಇಲ್ಲದೇ ಇಲ್ಲ. 1993ರ ಡೂಮ್ ಆಟದ ಸೋರ್ಸ್ ಕೋಡನ್ನು, ಅಂದರೆ ಅದನ್ನು ಬರೆದ ಮೂಲ ಪ್ರೋಗ್ರಾಮನ್ನು, ತಯಾರಕರಾದ ಐಡಿ ಸಾಫ್ಟ್‌ವೇರ್ 1997ರಲ್ಲೇ ಬಿಟ್ಟುಕೊಟ್ಟಿತು, 1999ರಲ್ಲಿ ಕ್ವೇಕ್‌ನದ್ದನ್ನೂ. ಅದರಿಂದಲೇ ಇವೆರಡೂ ಇವತ್ತು ಎಲ್ಲ ಯಂತ್ರದಲ್ಲೂ ನಡೆಯುತ್ತವೆ, ಇವತ್ತೂ ಮಾರಾಟವಾಗುತ್ತವೆ. ಬಿಟ್ಟುಕೊಡದೆ ಇಟ್ಟುಕೊಂಡವರಲ್ಲೂ ಅದು ಉಳಿಯುತ್ತದೆಂಬ ಖಾತರಿಯಿಲ್ಲ. ಪ್ರಿನ್ಸ್ ಆಫ್ ಪರ್ಷಿಯಾದ ಮೂಲ ಆಪಲ್ 2 ಕೋಡ್ ಕಳೆದೇಹೋಯಿತೆಂದು ಆ ಆಟ ಬರೆದ ಜೋರ್ಡನ್ ಮೆಕ್ನರ್ ಭಾವಿಸಿದ್ದರು. 2012ರಲ್ಲಿ ಅವರ ತಂದೆಯ ಮನೆಯ ಕಪಾಟಿನ ಪೆಟ್ಟಿಗೆಯೊಂದರಲ್ಲಿ ಫ್ಲಾಪಿಗಳು ಸಿಕ್ಕಿದವು.

ಆಟ ತಾನೇ ಎಂದು ಮೂಗು ಮುರಿಯುವವರು ನಮ್ಮ ಕನ್ನಡದ ಮುದ್ರಣಾಲಯಗಳ ಹಾರ್ಡ್‌ಡಿಸ್ಕ್ ನೋಡಬೇಕು. ಎಷ್ಟು ಪುಸ್ತಕ, ಎಷ್ಟು ಪತ್ರಿಕೆಯ ಪುಟಗಳು ಪೇಜ್‌ಮೇಕರ್ ಫೈಲುಗಳಲ್ಲಿ, ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಮಲಗಿವೆ! ಪುಟ ಜೋಡಿಸುವ ಪ್ರೋಗ್ರಾಂ ಆದ ಪೇಜ್‌ಮೇಕರ್ 2001ರ 7ನೇ ಆವೃತ್ತಿಗೆ ನಿಂತಿತು. ಅದರ ಫೈಲುಗಳನ್ನು ಅದರ ಉತ್ತರಾಧಿಕಾರಿ ಇನ್‌ಡಿಸೈನ್‌ನಲ್ಲಿ ಸಿಎಸ್6 ಆವೃತ್ತಿಯ ತನಕ ತೆರೆಯಬಹುದಿತ್ತು, ಆಮೇಲಿನ ಆವೃತ್ತಿಗಳು ಕೈಬಿಟ್ಟವು. ತೆರೆದರೂ ಅದೇ ಫಾಂಟ್ ಇಲ್ಲದಿದ್ದರೆ ಕಾಣುವುದು ರೋಮನ್ ಅಕ್ಷರಗಳ ರಾಶಿ. ನಿಮ್ಮ ವೈಸ್ ಸಿಟಿಗೆ ಬಂದ ಕಾಯಿಲೆಯೂ ಇದೇ. ಆಟಕ್ಕಾದರೆ ಜಗತ್ತಿನಾದ್ಯಂತ ವೈದ್ಯರಿದ್ದಾರೆ, ಕನ್ನಡದ ಈ ಪುಟಗಳಿಗೆ ಅಷ್ಟು ಜನ ಇಲ್ಲ. ಅಂಥ ಫೈಲು ನಿಮ್ಮ ಬಳಿ ಇದ್ದರೆ ಇವತ್ತೇ ಪಿಡಿಎಫ್ ಮಾಡಿ, ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಫಾಂಟ್ ಫೈಲನ್ನೂ ಜೊತೆಗಿಡಿ.

ಇನ್ನು ಆ ಸಿ.ಡಿ. ಕಟ್ಟು. ಮೊದಲು ತಿರುವಿ ತಳ ನೋಡಿ: ಬೆಳ್ಳಿ ಬಣ್ಣವಾದರೆ ಅಚ್ಚೊತ್ತಿದ್ದು, ಹಸಿರು ಇಲ್ಲವೇ ನೀಲಿ ಛಾಯೆಯಾದರೆ ಯಾರೋ ರೈಟ್ ಮಾಡಿದ್ದು. ಎರಡನೆಯದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬೆಳ್ಳಿ ಎಂದ ಮಾತ್ರಕ್ಕೆ ಅಸಲಿಯೂ ಅಲ್ಲ, ಅಚ್ಚೊತ್ತಿದ ಕಳ್ಳ ಪ್ರತಿಗಳೂ ಇದ್ದವು. ಡಬ್ಬಿಯ ಮುದ್ರಣ, ಕೈಪಿಡಿ ಎರಡನ್ನೂ ನೋಡಿ. ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ತೂತು ಕಂಡರೆ ಪ್ರತಿಫಲನದ ಪದರ ಹೋಗಿದೆ, ಬಿಟ್ಟುಬಿಡಿ. ಸೀರಿಯಲ್ ಸಂಖ್ಯೆ ಡಬ್ಬಿಯ ಹಿಂದೆ ಅಥವಾ ಕೈಪಿಡಿಯ ಮೇಲೆ ಇರಬೇಕು, ಅದಿಲ್ಲದೆ ಎಷ್ಟೋ ಆಟ ಇನ್‌ಸ್ಟಾಲೇ ಆಗುವುದಿಲ್ಲ. ಕ್ವೇಕ್ ಅಸಲಿಯಾಗಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಅದರ ಪಾಕ್0, ಪಾಕ್1 ಫೈಲುಗಳನ್ನು, ಕ್ವೇಕನ್ನು ಇಂದಿನ ಯಂತ್ರದಲ್ಲಿ ನಡೆಸುವ ಕ್ವೇಕ್‌ಸ್ಪಾಸ್ಮ್ ಪ್ರೋಗ್ರಾಮಿನ ಐಡಿ1 ಫೋಲ್ಡರಿಗೆ ಹಾಕಿದರೆ ಆಟ ಸಿದ್ಧ. ಏಜ್ ಆಫ್ ಎಂಪೈರ್ಸ್ ಡಿಸ್ಕಿಗೆ ಸೇಫ್‌ಡಿಸ್ಕ್ ಇಲ್ಲವೆಂದು ವಿಕಿಯಲ್ಲಿ ನೋಡಿಕೊಂಡು ತಗೊಳ್ಳಿ, ಡಿಜಿವೂಡೂ ಮರೆಯಬೇಡಿ. ವೈಸ್ ಸಿಟಿಯದ್ದನ್ನೂ ವಿಕಿಯಲ್ಲಿ ಕಾವಲು ಯಾವುದೆಂದು ನೋಡಿಯೇ ನಿರ್ಧರಿಸಿ. ಡಾಸ್ ಆಟಗಳ ಹೆಸರು ನೀವು ಬರೆದಿಲ್ಲ. ಪಟ್ಟಿ ಕಳಿಸಿ, ಒಂದೊಂದಕ್ಕೂ ಉತ್ತರ ಕೊಡುತ್ತೇನೆ.

– ಸಂಪಾದಕ