ಆ ಕೆಂಪು ದೀಪ ನೋಡಿದಿರಾ?

ಪ್ರಶ್ನೆ: ಇಂಟರ್ನೆಟ್ ಕಂಪನಿ ಕೊಟ್ಟ ರೂಟರ್ ದಿನಕ್ಕೆ ನಾಲ್ಕು ಸಲ ಕೈಕೊಡುತ್ತದೆ. ಮಗಳ ಆನ್‌ಲೈನ್ ಕ್ಲಾಸ್ ಅರ್ಧಕ್ಕೇ ನಿಲ್ಲುತ್ತದೆ. ಫೋನ್ ಮಾಡಿದರೆ ‘ಆಫ್ ಮಾಡಿ ಆನ್ ಮಾಡಿ’ ಅನ್ನುತ್ತಾರೆ. ಏನು ಮಾಡಲಿ?
— ಓದುಗರೊಬ್ಬರು, ಸಾಗರ

ಉತ್ತರ: ಆ ಮಾತು ನಾನೂ ಎರಡು ವರ್ಷ ಕೇಳಿದ್ದೇನೆ, ಬಿಡಿ! ಮುಂದಿನ ಸಲ ಸ್ವಿಚ್ ಮುಟ್ಟುವ ಮೊದಲು ರೂಟರ್ ಮೇಲೆ ‘ಎಲ್‌ಒಎಸ್’ (LOS) ಎಂದು ಬರೆದ ದೀಪ ನೋಡಿ. ಅದು ಕೆಂಪಗೆ ಮಿನುಗುತ್ತಿದ್ದರೆ ಫೈಬರ್‌ನಲ್ಲಿ, ಅಂದರೆ ಬೆಳಕಿನ ಮೂಲಕ ಇಂಟರ್ನೆಟ್ ತರುವ ತೆಳು ವೈರ್‌ನಲ್ಲಿ, ಬೆಳಕೇ ಬರುತ್ತಿಲ್ಲ ಎಂದರ್ಥ. ಆಗ ಆಫ್-ಆನ್ ಎಲ್ಲ ಸುಮ್ನೆ. ನಮ್ಮನೆಯಲ್ಲಿ ಒಮ್ಮೆ ಬೀರುವಿನ ಹಿಂದೆ ಫೈಬರ್‌ನ ಹಳದಿ ವೈರ್ ಮಡಚಿಕೊಂಡಿತ್ತು. ಬಿಡಿಸಿದ ಮೇಲೆ ಸರಿಹೋಯಿತು. ಕೆಂಪು ದೀಪ ಇಲ್ಲದೆಯೂ ಪದೇ ಪದೇ ನಿಂತರೆ ರೂಟರ್ ಮೇಲೇ ಅನುಮಾನ. ಪ್ರತಿ ದೂರಿನ ನಂಬರ್ ಬರೆದಿಡಿ, ಬದಲಿಸಿ ಕೊಡಿ ಎಂದು ಹಟ ಹಿಡಿಯಿರಿ. ನನಗೆ ಹೊಸದು ಸಿಕ್ಕಿದ್ದು ಮೂರನೇ ದೂರಿಗೆ.