ಓದುಗರ ಪ್ರಶ್ನೆ: ನಾಲ್ಕನೆಯ ‘ಡೈ ಹಾರ್ಡ್’ ಮೊದಲ ಮೂರರ ಸಾಲಿಗೆ ಸೇರುತ್ತದೆಯೇ?

ಪ್ರಶ್ನೆ: ‘ಡೈ ಹಾರ್ಡ್’ ಸರಣಿಯಲ್ಲಿ ನಾನು ಮೊದಲು ನೋಡಿದ್ದು 2007ರ ನಾಲ್ಕನೆಯ ಚಿತ್ರವನ್ನು. ಹಿಂದಿನ ಮೂರನ್ನು ಈಚೆಗೆ ಒಂದೇ ವಾರದಲ್ಲಿ ನೋಡಿದೆ. ಸಾಹಸದೃಶ್ಯಗಳ ಅದ್ದೂರಿತನದಲ್ಲಿ ನಾಲ್ಕನೆಯದೇ ಮುಂದು. ಆದರೂ ಅದು ಮೊದಲಿನವುಗಳಿಗೆ ಸಾಟಿಯಲ್ಲವೆಂದು ಅಣ್ಣ ವಾದಿಸುತ್ತಾನೆ. ಇದು ಹಳೆಯದರ ಮೇಲಿನ ಮೋಹ ಮಾತ್ರವೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಅಣ್ಣನವರ ವಾದದಲ್ಲಿ ಹುರುಳಿದೆ. ಅದನ್ನು ಕಾಣಲು 1988ರ ಮೊದಲ ಚಿತ್ರದ ನಾಯಕನ ಬರಿಗಾಲನ್ನು ಗಮನಿಸಿದರೆ ಸಾಕು. ನ್ಯೂಯಾರ್ಕಿನ ಪೊಲೀಸ್ ಅಧಿಕಾರಿ ಜಾನ್ ಮೆಕ್‌ಕ್ಲೇನ್‌ಗೆ ವಿಮಾನದಲ್ಲಿ ಪಕ್ಕದ ಪ್ರಯಾಣಿಕನೊಬ್ಬ, ಪ್ರಯಾಣದ ಬಿಗುವು ಇಳಿಯಬೇಕಾದರೆ ಷೂ ಮತ್ತು ಕಾಲುಚೀಲ ಕಳಚಿ, ಕಾಲ್ಬೆರಳುಗಳನ್ನು ಮಡಚಿಕೊಂಡು ಕಾರ್ಪೆಟ್ಟಿನ ಮೇಲೆ ನಡೆದಾಡಬೇಕೆಂದು ಹೇಳುತ್ತಾನೆ. ಹೆಂಡತಿ ಕೆಲಸ ಮಾಡುವ ಲಾಸ್ ಏಂಜಲೀಸಿನ ನಕಟೋಮಿ ಕಟ್ಟಡದಲ್ಲಿ ಅವನು ಹಾಗೆ ಮಾಡುತ್ತಿರುವ ಹೊತ್ತಿನಲ್ಲಿಯೇ ಬಂದೂಕುಧಾರಿಗಳು ಒಳನುಗ್ಗುತ್ತಾರೆ. ತಾನು ಕೊಂದವನ ಷೂ ತೊಡಲು ನೋಡಿದರೆ ಅದು ಅವನಿಗೆ ಚಿಕ್ಕದು. ಅವನು ಬರಿಗಾಲಿನಲ್ಲಿರುವುದನ್ನು ಕಣ್ಣಾರೆ ಕಂಡ ಖಳನಾಯಕ ಹಾನ್ಸ್ ಗ್ರೂಬರ್, ಮುಂದಿನ ಕಾಳಗದಲ್ಲಿ ಗಾಜಿಗೆ ಗುಂಡು ಹೊಡೆಯುವಂತೆ ತನ್ನವನಿಗೆ ಆಜ್ಞಾಪಿಸುತ್ತಾನೆ. ವಿಮಾನದಲ್ಲಿ ಬಿದ್ದ ಒಂದು ಮಾತು ಹೀಗೆ ಗಂಟೆಗಟ್ಟಲೆ ಕಥೆಯೊಳಗೆ ಬೆಳೆದು, ಕೊನೆಗೆ ನೆಲದ ಮೇಲೆ ರಕ್ತದ ಹೆಜ್ಜೆಗಳಾಗುತ್ತದೆ. ನಿರ್ದೇಶಕ ಜಾನ್ ಮೆಕ್‌ಟಿಯರ್ನನ್ ಅವರ ಕುಶಲತೆಯಿರುವುದು ಇಲ್ಲಿ: ನಾಯಕನ ಮೈಗೆ ನೋವಾಗುತ್ತದೆ, ಕಟ್ಟಡಕ್ಕೆ ಗೋಡೆಗಳಿವೆ, ಈ ಎರಡು ಮಿತಿಗಳಿಂದಲೇ ಪ್ರತಿಯೊಂದು ಸಾಹಸವೂ ಹುಟ್ಟುತ್ತದೆ.

ರೆನಿ ಹಾರ್ಲಿನ್ ನಿರ್ದೇಶಿಸಿದ 1990ರ ಎರಡನೆಯ ಚಿತ್ರ ಕಟ್ಟಡದ ಬದಲು ವಾಷಿಂಗ್ಟನ್ನಿನ ಡಲಸ್ ವಿಮಾನ ನಿಲ್ದಾಣವನ್ನು ಆರಿಸಿಕೊಂಡಿತು. ಮೊದಲಿನದರ ನೆರಳು ಅದರ ಮೇಲೆ ತುಸು ಹೆಚ್ಚಾಗಿಯೇ ಬಿದ್ದಿದೆಯೆಂಬುದು ನನ್ನ ಅಭಿಪ್ರಾಯ. ಆದರೂ ಹಿಮಪಾತದ ರಾತ್ರಿಯಲ್ಲಿ ಇಳಿಯಲು ಜಾಗವಿಲ್ಲದೆ ಆಕಾಶದಲ್ಲಿ ಸುತ್ತುತ್ತಿರುವ ವಿಮಾನಗಳ ಇಂಧನ ಮುಗಿಯುತ್ತಿದೆಯೆಂಬ ಗಡುವು ಅದನ್ನು ಕಾಪಾಡಿತು. ಆ ವಿಮಾನಗಳಲ್ಲೊಂದರಲ್ಲಿ ಮೆಕ್‌ಕ್ಲೇನ್‌ನ ಹೆಂಡತಿಯೂ ಇದ್ದಾಳೆ.

1995ರ ಮೂರನೆಯದನ್ನು ನಾನು ಮೊದಲನೆಯದರ ಪಕ್ಕದಲ್ಲಿಯೇ ಇಡುತ್ತೇನೆ. ಮತ್ತೆ ನಿರ್ದೇಶನಕ್ಕೆ ಬಂದ ಮೆಕ್‌ಟಿಯರ್ನನ್ ಗೋಡೆಗಳನ್ನು ಕೆಡವಿ, ನ್ಯೂಯಾರ್ಕ್ ನಗರವನ್ನೇ ರಂಗಸ್ಥಳ ಮಾಡಿಕೊಂಡರು. ಆದರೆ ಮಿತಿಯನ್ನು ಮಾತ್ರ ಬಿಡಲಿಲ್ಲ. ಹಾನ್ಸ್‌ನ ಅಣ್ಣತಮ್ಮಂದಿರಲ್ಲೊಬ್ಬನಾದ ಸೈಮನ್ ದೂರವಾಣಿಯಲ್ಲಿ ಒಡ್ಡುವ ಒಗಟುಗಳನ್ನು ಗಡುವಿನೊಳಗೆ ಬಿಡಿಸದಿದ್ದರೆ ಬಾಂಬು ಸಿಡಿಯುತ್ತದೆ. ಐದು ಗ್ಯಾಲನ್ ಮತ್ತು ಮೂರು ಗ್ಯಾಲನ್ ಹಿಡಿಯುವ ಎರಡು ಪಾತ್ರೆಗಳಿಂದ ಸರಿಯಾಗಿ ನಾಲ್ಕು ಗ್ಯಾಲನ್ ನೀರನ್ನು ಅಳೆದು ತಕ್ಕಡಿಯ ಮೇಲಿಡಬೇಕಾದ ಪ್ರಸಂಗ ನಿಮಗೆ ನೆನಪಿರಬಹುದು. (ದೊಡ್ಡದನ್ನು ತುಂಬಿ ಚಿಕ್ಕದಕ್ಕೆ ಸುರಿದರೆ ಎರಡು ಉಳಿಯುತ್ತದೆ, ಚಿಕ್ಕದನ್ನು ಬರಿದುಮಾಡಿ ಆ ಎರಡನ್ನು ಅದಕ್ಕೆ ಹಾಕಿ, ಮತ್ತೆ ತುಂಬಿದ ದೊಡ್ಡದರಿಂದ ಇನ್ನೊಂದು ಗ್ಯಾಲನ್ ಅದಕ್ಕೆ ಸುರಿದರೆ, ದೊಡ್ಡದರಲ್ಲಿ ನಾಲ್ಕು ನಿಲ್ಲುತ್ತದೆ.) ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಮತ್ತು ಮೆಕ್‌ಕ್ಲೇನ್ ಪಾತ್ರದ ಬ್ರೂಸ್ ವಿಲ್ಲಿಸ್ ಕಾರಂಜಿಯ ಪಕ್ಕದಲ್ಲಿ ನಿಂತು ಪರಸ್ಪರ ಕಿರುಚಾಡುತ್ತ ಲೆಕ್ಕ ಬಿಡಿಸುವ ಆ ಕೆಲವು ನಿಮಿಷಗಳಲ್ಲಿ ಒಂದು ಗುಂಡೂ ಹಾರುವುದಿಲ್ಲ. ಆದರೂ ಉಸಿರು ಬಿಗಿಹಿಡಿದು ನೋಡುತ್ತೇವೆ.

ಹನ್ನೆರಡು ವರ್ಷಗಳ ಬಳಿಕ ಲೆನ್ ವೈಸ್‌ಮನ್ ನಿರ್ದೇಶನದಲ್ಲಿ ಬಂದ ನಾಲ್ಕನೆಯ ಚಿತ್ರದಲ್ಲಿ ಈ ಮಿತಿಗಳು ಸಡಿಲಗೊಂಡವು. ಸಾರಿಗೆ, ಹಣಕಾಸು, ವಿದ್ಯುತ್ತು ಹೀಗೆ ಇಡೀ ದೇಶದ ವ್ಯವಸ್ಥೆಗಳನ್ನು ಕಂಪ್ಯೂಟರಿನ ಮೂಲಕ ಕೆಡಹುವ ಸಂಚು ಬಹು ದೊಡ್ಡದು. ಆದರೆ ಅಪಾಯ ಎಲ್ಲೆಡೆ ಇದ್ದಾಗ ನಾಯಕ ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆಂಬ ಪ್ರಶ್ನೆಗೆ ಉತ್ತರ ಮಸುಕಾಗುತ್ತದೆ. ಹೆದ್ದಾರಿಯಲ್ಲಿ ಎಫ್-35 ಯುದ್ಧವಿಮಾನವು ಅವನ ಲಾರಿಯ ಮೇಲೆ ದಾಳಿ ಮಾಡಿ, ಸೇತುವೆ ಕುಸಿದು, ಅವನು ವಿಮಾನದ ಬೆನ್ನ ಮೇಲೆ ಬಿದ್ದು ಜಾರಿ ಬದುಕುಳಿಯುವಾಗ, ಗಾಜಿನ ಚೂರಿಗೆ ನರಳಿದ ಆ ಮನುಷ್ಯ ಇವನೇ ಎಂದು ನಂಬುವುದು ನನಗೆ ಸಾಧ್ಯವಾಗಲಿಲ್ಲ. ಮೊದಲ ಮೂರಕ್ಕೆ ಅಮೆರಿಕದಲ್ಲಿ ದೊರೆತದ್ದು ಕಟ್ಟುನಿಟ್ಟಿನ ‘ಆರ್’ ದರ್ಜೆ. ನಾಲ್ಕನೆಯದನ್ನು ಚಿತ್ರಮಂದಿರಗಳಿಗೆ ತಂದದ್ದು ಹದಿಹರೆಯದವರೂ ನೋಡಬಹುದಾದ ‘ಪಿಜಿ-13’ ದರ್ಜೆಯಲ್ಲಿ. ಮಾತಿನ ಒರಟುತನವೂ ಗಾಯದ ಬಿಸಿಯೂ ಇದರಿಂದ ತಗ್ಗಿದವು.

ಪ್ರಶ್ನೆ: ನಾಲ್ಕನೆಯದರ ಕಥೆ ಮೂಲತಃ ಈ ಸರಣಿಗಾಗಿ ಬರೆದದ್ದಲ್ಲವೆಂದು ಓದಿದೆ. ದೋಷದ ಮೂಲ ಅದೇ ಅಲ್ಲವೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅಲ್ಲ. ‘ವೈರ್ಡ್’ ಪತ್ರಿಕೆಯ 1997ರ ಲೇಖನವೊಂದರಿಂದ ಅದು ಹುಟ್ಟಿತೆಂಬುದು ನಿಜ. ಆದರೆ ಮೊದಲನೆಯದು ರೋಡರಿಕ್ ಥಾರ್ಪ್ ಅವರ 1979ರ ಕಾದಂಬರಿಯಿಂದ, ಎರಡನೆಯದು ವಾಲ್ಟರ್ ವೇಜರ್ ಅವರ ಬೇರೊಂದು ಕಾದಂಬರಿಯಿಂದ, ಮೂರನೆಯದು ಜೊನಾಥನ್ ಹೆನ್ಸ್‌ಲೀ ಅವರ ಸ್ವತಂತ್ರ ಚಿತ್ರಕಥೆಯಿಂದ ಬಂದವು. ಮೊದಲಿನಿಂದಲೂ ಮೆಕ್‌ಕ್ಲೇನ್‌ಗಾಗಿಯೇ ಬರೆದದ್ದು 2013ರ ಐದನೆಯ ಚಿತ್ರದ ಕಥೆ. ಮಾಸ್ಕೋದಲ್ಲಿ ನಡೆಯುವ ಅದು ಐದರಲ್ಲಿಯೂ ದುರ್ಬಲವಾದದ್ದು. ಎರವಲು ಕಥೆಯನ್ನು ಈ ಮನುಷ್ಯನ ಅಳತೆಗೆ ಹೊಲಿದರೋ ಇಲ್ಲವೋ ಎಂಬುದನ್ನಷ್ಟೇ ಕೇಳಬೇಕು.

ಪ್ರಶ್ನೆ: ಹಾಗಾದರೆ ನಾಲ್ಕನೆಯದರಲ್ಲಿ ಮೆಚ್ಚುವಂಥದ್ದು ಏನೂ ಇಲ್ಲವೇ?
— ಓದುಗರೊಬ್ಬರು, ಮೈಸೂರು

ಉತ್ತರ: ಖಂಡಿತವಾಗಿ ಇದೆ. ಜಸ್ಟಿನ್ ಲಾಂಗ್ ಅಭಿನಯಿಸಿದ ಕಂಪ್ಯೂಟರ್ ನಿಪುಣ ಯುವಕನಿಗೆ ಮೆಕ್‌ಕ್ಲೇನ್ ಕಾರಿನಲ್ಲಿ ತನ್ನ ಬದುಕಿನ ಬಗ್ಗೆ ಹೇಳುವ ಮಾತುಗಳನ್ನು ಇನ್ನೊಮ್ಮೆ ಕೇಳಿ. ವೀರನೆನಿಸಿಕೊಂಡವನಿಗೆ ಸಿಗುವುದು ಬೆನ್ನಿಗೊಂದು ತಟ್ಟು. ಆಮೇಲೆ ವಿಚ್ಛೇದನ, ಮಾತನಾಡಲು ಒಲ್ಲದ ಮಕ್ಕಳು, ಒಬ್ಬನೇ ಕುಳಿತು ಉಣ್ಣುವ ಊಟ. ವಯಸ್ಸಾದ ವಿಲ್ಲಿಸ್ ಅದನ್ನು ದನಿಯೇರಿಸದೆ ಹೇಳುತ್ತಾರೆ. ಹಿಂದಿನ ಮೂರು ಚಿತ್ರಗಳ ಭಾರವೆಲ್ಲ ಆ ದನಿಯಲ್ಲಿದೆ. ಅಂತಿಮ ಘಟ್ಟದಲ್ಲಿಯೂ ಚಿತ್ರ ಮತ್ತೆ ಮನುಷ್ಯನ ಮೈಗೆ ಮರಳುತ್ತದೆ. ಬೆನ್ನಹಿಂದೆ ನಿಂತು ತನ್ನನ್ನು ಬಿಗಿಹಿಡಿದಿರುವ ಶತ್ರುವನ್ನು ಕೊಲ್ಲಲು ಮೆಕ್‌ಕ್ಲೇನ್ ತನ್ನದೇ ಭುಜದ ಮೂಲಕ ಗುಂಡು ಹಾರಿಸುತ್ತಾನೆ. ಯುದ್ಧವಿಮಾನದ ಮುಂದೆ ಕಾಣೆಯಾಗಿದ್ದ ಬರಿಗಾಲಿನ ಮೆಕ್‌ಕ್ಲೇನ್ ಆ ಕ್ಷಣದಲ್ಲಿ ನನಗೆ ಮತ್ತೆ ಕಂಡ.