ಹೇಗ್‌ನಲ್ಲಿ ಅಮೀನ ಯಾರು?

ಹೊಳಲ್ಕೆರೆ ತಾಲ್ಲೂಕಿನ ಓದುಗರೊಬ್ಬರ ಪತ್ರ, ಸಂಕ್ಷೇಪವಾಗಿ: "ಕಳೆದ ಸಂಚಿಕೆಯಲ್ಲಿ ಗೂಢಚಾರನೆಂದು ಪಾಕಿಸ್ತಾನ ಗಲ್ಲು ಶಿಕ್ಷೆ ವಿಧಿಸಿದ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣವನ್ನು ಅಂತರರಾಷ್ಟ್ರೀಯ ಕಾನೂನಿನ ಗೆಲುವು ಎಂದು ಬರೆದಿದ್ದೀರಿ. ನನ್ನ ಅಡಿಕೆ ತೋಟದ ಬಂಡಿದಾರಿಗೆ ಪಕ್ಕದವರು ಬೇಲಿ ಹಾಕಿದಾಗ ಕೋರ್ಟಿಗೆ ಹೋದೆ. ಡಿಕ್ರಿ ಆಯಿತು. ತೀರ್ಪು ಜಾರಿ ಮಾಡುವ ಕೋರ್ಟಿನ ಅಮೀನ ಬಂದು ಬೇಲಿ ಕಿತ್ತ. ಅದು ಕಾನೂನು. ಜಾಧವ್ ತೀರ್ಪು ಕೊಟ್ಟ ಹೇಗ್‌ನ ಅಂತರರಾಷ್ಟ್ರೀಯ ಕೋರ್ಟಿಗೆ ಅಮೀನ ಯಾರು? ಆ ಕಾನೂನು ಬರೆದವರು ಯಾರು, ಅರ್ಥ ಹೇಳುವವರು ಯಾರು? ಬಲ ಇದ್ದವನು ಹೇಳಿದ್ದೇ ಕಾನೂನು ಎಂದು ನೇರವಾಗಿ ಬರೆದುಬಿಡಿ. ಜಾಧವ್ ಇನ್ನೂ ಜೈಲಿನಲ್ಲೇ ಇಲ್ಲವೇ?"

ಮಾನ್ಯರೇ,

ನಿಮ್ಮ ಬಂಡಿದಾರಿಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ. ಆ ದಾರಿ ನಿಮ್ಮ ಕ್ರಯಪತ್ರದಲ್ಲಿ ಬರೆದಿತ್ತೋ ಇಲ್ಲವೋ ನೀವು ತಿಳಿಸಿಲ್ಲ. ನಮ್ಮ ಕಡೆಯ ಬಹುಪಾಲು ದಾರಿ ವ್ಯಾಜ್ಯಗಳಲ್ಲಿ ಬರೆದಿರುವುದಿಲ್ಲ. ಅಜ್ಜನ ಕಾಲದಿಂದ ಅದೇ ಜಾಡಿನಲ್ಲಿ ಗಾಡಿ ಹೊಡೆದದ್ದನ್ನು ಊರಿನ ಹಿರಿಯರು ಬಂದು ಸಾಕ್ಷಿ ಹೇಳುತ್ತಾರೆ. ಇನ್ನೊಬ್ಬರ ನೆಲವನ್ನು ಬಳಸುವ ಹಕ್ಕಿನ ಬಗ್ಗೆ ಇರುವ 1882ರ ಈಸ್‌ಮೆಂಟ್ ಕಾಯ್ದೆ ಕೇಳುವುದೂ ಅದನ್ನೇ: 20 ವರ್ಷ, ಎಲ್ಲರ ಕಣ್ಣೆದುರು, ತಡೆಯಿಲ್ಲದೆ, ಹಕ್ಕಿನಿಂದ ನಡೆದಿದ್ದೀರಾ? ಪ್ರತಿ ಸುಗ್ಗಿಯಲ್ಲೂ "ಅಣ್ಣಾ, ಈ ಸಲ ಗಾಡಿಗೆ ದಾರಿ ಬಿಡಪ್ಪ" ಎಂದು ಕೇಳಿಕೊಂಡು ಹೋಗಿದ್ದರೆ ಹಕ್ಕು ಹುಟ್ಟುವುದಿಲ್ಲ.

ಇದೇ ತಕರಾರು ಭಾರತ ಮತ್ತು ಪೋರ್ಚುಗಲ್ ನಡುವೆಯೂ ನಡೆದಿತ್ತು. ದಮನ್ ಸಮುದ್ರದ ದಂಡೆಯಲ್ಲಿ, ದಾದ್ರಾ ಮತ್ತು ನಗರ ಹವೇಲಿ ಒಳನಾಡಿನಲ್ಲಿ. ಮೂರೂ ಪೋರ್ಚುಗೀಸರ ಕೈಯಲ್ಲಿದ್ದವು, ನಡುವಿನ ನೆಲ ನಮ್ಮದು. 1954ರಲ್ಲಿ ದಾದ್ರಾ, ನಗರ ಹವೇಲಿಗಳು ಅವರ ಕೈತಪ್ಪಿದವು. ಹೋಗಿ ಬರುವ ದಾರಿಯನ್ನು ಭಾರತ ಮುಚ್ಚಿತು. ಪೋರ್ಚುಗಲ್ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಇಬ್ಬರ ನಡುವಿನ ನಡಾವಳಿ ಕಾನೂನಾಗಲಾರದು ಎಂದು ಭಾರತ ವಾದಿಸಿತು. ನ್ಯಾಯಾಲಯ ಒಪ್ಪಲಿಲ್ಲ. ಒಂದೂಕಾಲು ಶತಮಾನ ಇಬ್ಬರೂ ಒಂದೇ ರೀತಿ ನಡೆದುಕೊಂಡು ಬಂದಿದ್ದರೆ ಇಬ್ಬರೇ ಸಾಕು ಎಂದಿತು. ಆದರೆ 1960ರ ಆ ತೀರ್ಪು ಅಲ್ಲಿಗೇ ನಿಲ್ಲದೆ ಜಾಡನ್ನು ಬಿಡಿಸಿ ನೋಡಿತು. ಸಾಮಾನ್ಯ ಜನ, ಸಿವಿಲ್ ಅಧಿಕಾರಿಗಳು, ಸರಕು ಇವು ಬ್ರಿಟಿಷರ ಕಾಲದಿಂದಲೂ ತಡೆಯಿಲ್ಲದೆ ಓಡಾಡಿದ್ದವು, ಆದ್ದರಿಂದ ಅಷ್ಟಕ್ಕೆ ಹಕ್ಕು ಉಂಟು. ಸೈನ್ಯ, ಸಶಸ್ತ್ರ ಪೊಲೀಸು, ಮದ್ದುಗುಂಡು ದಾಟಬೇಕಾದರೆ ಅನುಮತಿ ಬೇಕಿತ್ತು, ಆದ್ದರಿಂದ ಅದಕ್ಕೆ ಹಕ್ಕಿಲ್ಲ. ಉದ್ವಿಗ್ನ ಪರಿಸ್ಥಿತಿಯಲ್ಲಿ ದಾರಿ ತಡೆದದ್ದರಲ್ಲಿ ಭಾರತದ ತಪ್ಪು ಕಾಣಲಿಲ್ಲ.

ನಿಮ್ಮ ಗಾಡಿಯ ಲೆಕ್ಕವೇ ಇದು. ಅಂತರರಾಷ್ಟ್ರೀಯ ಕಾನೂನಿನ ದೊಡ್ಡ ಭಾಗ ಹುಟ್ಟುವುದು ಹೀಗೆಯೇ. ರಾಜ್ಯಗಳು ಏನು ಮಾಡುತ್ತಾ ಬಂದಿವೆ ಎನ್ನುವುದೊಂದು, ಅದನ್ನು ಮಾಡಲೇಬೇಕೆಂಬ ಭಾವನೆಯಿಂದ ಮಾಡಿದವೇ ಎನ್ನುವುದು ಇನ್ನೊಂದು. ಎರಡೂ ಕೂಡಿದರೆ ರೂಢಿ ಕಾನೂನಾಗುತ್ತದೆ.

ಇನ್ನು ಕ್ರಯಪತ್ರದಂತೆ ಬರೆದಿಟ್ಟ ಕಾನೂನು, ಅಂದರೆ ಒಪ್ಪಂದ. ಸಹಿ ಬಿದ್ದ ದಿನವೇ ಅದು ಜಾರಿಗೆ ಬರುತ್ತದೆ ಎಂದುಕೊಳ್ಳುವವರು ಬಹಳ. ಭಾರತ ಮತ್ತು ಬಾಂಗ್ಲಾದೇಶ ತಮ್ಮ ಭೂಗಡಿಯ ಬಗ್ಗೆ ಸಹಿ ಹಾಕಿದ್ದು 1974ರಲ್ಲಿ. ನೆಲ ಬಿಟ್ಟುಕೊಡಬೇಕಾದರೆ ಸಂವಿಧಾನಕ್ಕೇ ತಿದ್ದುಪಡಿ ಬೇಕೆಂದು ನಮ್ಮ ಸುಪ್ರೀಂ ಕೋರ್ಟ್ 1960ರ ಬೇರೂಬಾರಿ ಪ್ರಕರಣದಲ್ಲೇ ಹೇಳಿಬಿಟ್ಟಿತ್ತು. ಆ ತಿದ್ದುಪಡಿ, ಅಂದರೆ ನೂರನೆಯದು, ಆದದ್ದು 2015ರಲ್ಲಿ. ಅದೇ ಜುಲೈ 31ರ ಮಧ್ಯರಾತ್ರಿ ಬಾಂಗ್ಲಾದೊಳಗಿದ್ದ ನಮ್ಮ 111 ತುಂಡು ನೆಲಗಳು ಅವರಿಗೆ, ನಮ್ಮೊಳಗಿದ್ದ ಅವರ 51 ತುಂಡುಗಳು ನಮಗೆ ಸೇರಿದವು. ಸಹಿಗೂ ಆ ರಾತ್ರಿಗೂ ನಡುವೆ 41 ವರ್ಷ. ಆ ತುಂಡುಗಳಲ್ಲಿ ಹುಟ್ಟಿ, ಯಾವ ದೇಶದ ಆಸ್ಪತ್ರೆಗೆ, ಯಾವ ದೇಶದ ಶಾಲೆಗೆ ಹೋಗಬೇಕೆಂದು ತಿಳಿಯದೆ ಬೆಳೆದವರನ್ನು ನೆನೆದಾಗ ಆ ವಿಳಂಬ ನನಗೆ ಕ್ಷಮಿಸಲಾಗದ್ದು ಎನಿಸುತ್ತದೆ.

ಅರ್ಥ ಹೇಳುವವರು ಯಾರು ಎಂದು ಕೇಳಿದ್ದೀರಿ. ಇಲ್ಲಿ ಜಾಧವ್ ಪ್ರಕರಣಕ್ಕೇ ಬರುತ್ತೇನೆ. ಪರದೇಶದವನನ್ನು ಬಂಧಿಸಿದರೆ ಅವನ ದೇಶದ ದೂತಾವಾಸದವರನ್ನು ಭೇಟಿಯಾಗಲು ಬಿಡಬೇಕು ಎನ್ನುತ್ತದೆ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ. ಪಾಕಿಸ್ತಾನ ಎರಡು ಮಾತು ಮುಂದಿಟ್ಟಿತು. ಗೂಢಚಾರನಿಗೆ ಇದು ಅನ್ವಯಿಸುವುದಿಲ್ಲ ಎನ್ನುವುದು ಒಂದು. ಭದ್ರತೆಯ ಕಾರಣಕ್ಕೆ ಬಂಧಿಸಿದ್ದರೆ ಭೇಟಿ ಕೊಡಬೇಕೋ ಬೇಡವೋ ಎಂದು ನೋಡಿ ತೀರ್ಮಾನಿಸಬಹುದೆಂದು 2008ರಲ್ಲಿ ಎರಡೂ ದೇಶ ಒಪ್ಪಿವೆ ಎನ್ನುವುದು ಇನ್ನೊಂದು. ನ್ಯಾಯಾಲಯ 36ನೇ ವಿಧಿಯ ಒಂದೊಂದು ಪದವನ್ನೂ ನೋಡಿತು. ಗೂಢಚಾರನನ್ನು ಹೊರಗಿಡುವ ಒಂದು ಅಕ್ಷರವೂ ಅಲ್ಲಿಲ್ಲ. ಬರಿಯ ಆರೋಪ ಹೊರಿಸಿ ಯಾರನ್ನು ಬೇಕಾದರೂ ಹೊರಗಿಡುವಂತಿದ್ದರೆ ಆ ವಿಧಿ ಇದ್ದೂ ಇಲ್ಲದಂತೆ. 2008ರ ಕಾಗದವೂ ದೊಡ್ಡ ಒಪ್ಪಂದ ಕೊಟ್ಟ ಹಕ್ಕನ್ನು ಕಿತ್ತುಕೊಳ್ಳಲಾರದು. 2019ರ ಜುಲೈ 17ರ ತೀರ್ಪಿನಲ್ಲಿ 15 ನ್ಯಾಯಾಧೀಶರು ಇದಕ್ಕೆ ಒಪ್ಪಿದರು, ಚೀನಾದ ನ್ಯಾಯಾಧೀಶೆಯೂ ಅವರಲ್ಲಿ ಒಬ್ಬರು. ಒಪ್ಪದವರು ಪಾಕಿಸ್ತಾನ ನೇಮಿಸಿದ್ದ ನ್ಯಾಯಾಧೀಶರೊಬ್ಬರೇ.

ಒಪ್ಪಂದದ ಮಾತುಗಳನ್ನು ಸದ್ಭಾವದಿಂದ, ಸಾಮಾನ್ಯ ಅರ್ಥದಲ್ಲಿ, ಅದರ ಉದ್ದೇಶ ನೋಡಿ ಓದಬೇಕೆಂಬ ನಿಯಮ 1969ರ ಇನ್ನೊಂದು ವಿಯೆನ್ನಾ ಒಪ್ಪಂದದಲ್ಲಿದೆ. ಅದಕ್ಕೆ ಭಾರತ ಸೇರಿಯೇ ಇಲ್ಲ, ಪಾಕಿಸ್ತಾನ ಅದನ್ನು ಅನುಮೋದಿಸಿಲ್ಲ. ಆದರೂ ಆ ನಿಯಮ ಇಬ್ಬರಿಗೂ ಅನ್ವಯಿಸಿತು, ಏಕೆಂದರೆ ಅದು ಅಷ್ಟರಲ್ಲಾಗಲೇ ರೂಢಿಯಾಗಿತ್ತು. ಮತ್ತೆ ಬಂಡಿದಾರಿ.

ಇನ್ನು ನಿಮ್ಮ ಅಮೀನ. ಇಲ್ಲ, ಹೇಗ್‌ನಲ್ಲಿ ಅಮೀನ ಇಲ್ಲ. ತೀರ್ಪು ಪಾಲಿಸದವರ ಮೇಲೆ ಭದ್ರತಾ ಮಂಡಳಿಗೆ ಹೋಗಬಹುದೆಂದು ವಿಶ್ವಸಂಸ್ಥೆಯ ಸನದಿನ 94ನೇ ವಿಧಿ ಹೇಳುತ್ತದೆ. ಆದರೆ ಅಲ್ಲಿ ಐವರು ಖಾಯಂ ಸದಸ್ಯರಿಗೆ ವೀಟೋ, ಅಂದರೆ ಒಬ್ಬರೇ ನಿರ್ಣಯವನ್ನು ತಡೆಯುವ ಹಕ್ಕು, ಇದೆ. 1986ರಲ್ಲಿ ನಿಕರಾಗುವಾ ಎಂಬ ಪುಟ್ಟ ದೇಶ ಅಮೆರಿಕದ ವಿರುದ್ಧ ಕೇಸು ಗೆದ್ದು ಮಂಡಳಿಯ ಬಾಗಿಲಿಗೆ ಹೋಯಿತು. ಅಮೆರಿಕ ವೀಟೋ ಹಾಕಿತು. 2016ರಲ್ಲಿ ದಕ್ಷಿಣ ಚೀನಾ ಸಮುದ್ರದ ಬಗ್ಗೆ ಮಧ್ಯಸ್ಥಿಕೆ ಮಂಡಳಿಯೊಂದರ ಮುಂದೆ ಫಿಲಿಪೀನ್ಸ್ ಗೆದ್ದಾಗ ಆ ತೀರ್ಪನ್ನು ಚೀನಾ ಒಪ್ಪುವುದೇ ಇಲ್ಲ ಎಂದಿತು. ಇದು ಅನ್ಯಾಯ, ಮುಚ್ಚಿಡುವಂಥದ್ದಲ್ಲ. ಅಷ್ಟೇ ಅಲ್ಲ, ಹೇಗ್‌ನ ಆ ಅಂತರರಾಷ್ಟ್ರೀಯ ಕೋರ್ಟಿನ ಬಾಗಿಲು ತೆರೆಯಬೇಕಾದರೂ ಎರಡೂ ಕಡೆಯ ಒಪ್ಪಿಗೆ ಬೇಕು. 1999ರಲ್ಲಿ ನಮ್ಮ ವಾಯುಪಡೆ ಪಾಕಿಸ್ತಾನದ ನೌಕಾ ವಿಮಾನವೊಂದನ್ನು ಹೊಡೆದುರುಳಿಸಿದಾಗ ಪಾಕಿಸ್ತಾನ ಹೇಗ್‌ಗೆ ಹೋಯಿತು. ಕಾಮನ್‌ವೆಲ್ತ್ ದೇಶಗಳ ಜತೆಗಿನ ವ್ಯಾಜ್ಯಕ್ಕೆ ನಾವು ಈ ಕೋರ್ಟನ್ನು ಒಪ್ಪಿಲ್ಲ ಎಂದು ಭಾರತ ಹೇಳಿತು, 2000ದಲ್ಲಿ ಕೇಸು ಬಾಗಿಲಲ್ಲೇ ಬಿದ್ದುಹೋಯಿತು. ಜಾಧವ್ ವಿಷಯದಲ್ಲಿ ಬಾಗಿಲು ತೆರೆದದ್ದು ಇಬ್ಬರೂ ಮೊದಲೇ ಒಪ್ಪಿದ್ದ ಬೇರೊಂದು ಉಪ ಒಪ್ಪಂದದಿಂದ. ನಮಗೆ ಬೇಕಾದಾಗ ತೆರೆದ, ಬೇಡವಾದಾಗ ಮುಚ್ಚಿದ ಬಾಗಿಲು ಇದು ಎಂದು ನಾವೂ ಒಪ್ಪಿಕೊಳ್ಳಬೇಕು.

ಹಾಗಾದರೆ ಬಲವಿದ್ದವನದ್ದೇ ಕಾನೂನೇ? ಬಂಗಾಳ ಕೊಲ್ಲಿಯನ್ನು ನೋಡಿ. ಸಮುದ್ರದ ಗಡಿಯ ಬಗ್ಗೆ ಬಾಂಗ್ಲಾದೇಶ ನಮ್ಮನ್ನು ಮಧ್ಯಸ್ಥಿಕೆ ಮಂಡಳಿಯ ಮುಂದೆ ನಿಲ್ಲಿಸಿತು. ತಕರಾರಿದ್ದದ್ದು 25,602 ಚದರ ಕಿ.ಮೀ. 2014ರ ಜುಲೈ 7ರ ತೀರ್ಪು ಅದರಲ್ಲಿ 19,467 ಚದರ ಕಿ.ಮೀ.ಯನ್ನು ಬಾಂಗ್ಲಾಕ್ಕೆ ಕೊಟ್ಟಿತು. ಭಾರತ ದೊಡ್ಡ ದೇಶ, ನೌಕಾಪಡೆಯೂ ದೊಡ್ಡದು. ಆದರೂ ಒಪ್ಪಿತು. ಕಾರಣ ನಿಮಗೇ ಗೊತ್ತು: ಬೇಲಿ ಕಿತ್ತ ಮೇಲೂ ಪಕ್ಕದ ಹೊಲದವರ ಮುಖ ದಿನಾ ನೋಡಬೇಕು. ಗಡಿ ತೀರ್ಮಾನವಾಗದ ಸಮುದ್ರದಲ್ಲಿ ತೈಲ ಹುಡುಕಲು ಯಾರೂ ಹಣ ಹಾಕುವುದಿಲ್ಲ. ನಾಳೆ ಇನ್ನೊಂದು ಗಡಿಯಲ್ಲಿ ನಾವೇ ತೀರ್ಪು ಹಿಡಿದು ನಿಂತರೆ ನಮ್ಮ ಮಾತಿಗೆ ಬೆಲೆ ಬೇಕು.

ಇನ್ನೊಂದು ಬಗೆಯ ಅಮೀನ ಇಲ್ಲೇ ದಾವಣಗೆರೆಯಲ್ಲಿ ಕಾಣುತ್ತಾನೆ. ಮಂಡಿಪೇಟೆಯ ಕಡೆ ಯಾವುದಾದರೂ ಹಳೆಯ ಫ್ರಿಜ್ ಮೆಕ್ಯಾನಿಕ್ಕನ್ನು ಕೇಳಿ, ಫ್ರಿಜ್ ತಂಪಾಗಿಸುತ್ತಿದ್ದ ಆರ್-12 ಗ್ಯಾಸ್ ಏನಾಯಿತು ಎಂದು. ಓಜೋನ್ ಪದರ ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದ ಅದನ್ನು ಅಂಗಡಿಯಿಂದ ಎತ್ತಿಸಿತು. ಇದರೊಳಗೆ ಬರದ ದೇಶದೊಂದಿಗೆ ಆ ಗ್ಯಾಸುಗಳ ವ್ಯಾಪಾರ ಇಲ್ಲ ಎಂದು ಬರೆದಿದ್ದರು, ಬಡ ದೇಶಗಳಿಗೆ ಬದಲಿ ಗ್ಯಾಸಿಗೆ ಹೋಗಲು ಹಣವನ್ನೂ ಇಟ್ಟಿದ್ದರು. ಜಗತ್ತಿನ ಎಲ್ಲ ದೇಶಗಳೂ ಸೇರಿದವು. ಒಬ್ಬ ಪೊಲೀಸನೂ ಗಡಿ ದಾಟಲಿಲ್ಲ.

ಇಷ್ಟಕ್ಕೂ ನಿಮ್ಮ ಅಮೀನ ಬೇಗ ಬಂದದ್ದು ನಿಮ್ಮ ಅದೃಷ್ಟ. ನಮ್ಮ ಕೋರ್ಟಿನ ಆವರಣದಲ್ಲಿ ಡಿಕ್ರಿ ಹಿಡಿದು, ಅಮಲ್ಜಾರಿ ಅರ್ಜಿ ಹಾಕಿ ವರ್ಷಗಟ್ಟಲೆ ಅಲೆಯುವವರನ್ನು ನೋಡಿದ್ದೇನೆ. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ತೀರ್ಪು ಕೊಟ್ಟು, 2013ರಲ್ಲಿ ಸ್ಪಷ್ಟನೆಯನ್ನೂ ಕೊಟ್ಟ ಮೇಲೂ ಅದು ಗೆಜೆಟ್ಟಿಗೆ ಬರದೆ ವರ್ಷಗಟ್ಟಲೆ ಕಾದೆವು. ಒಂದೇ ಸಂವಿಧಾನ, ಒಂದೇ ಸುಪ್ರೀಂ ಕೋರ್ಟಿನ ಕೆಳಗಿರುವ ರಾಜ್ಯಗಳ ಕಥೆ ಅದು. ತಡವಾಯಿತೆಂದು ಅದನ್ನು ಕಾನೂನೇ ಅಲ್ಲ ಎಂದು ನೀವೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಕೊನೆಗೆ ಜಾಧವ್. ಹೌದು, ಅವರು ಜೈಲಿನಲ್ಲೇ ಇದ್ದಾರೆ. "ಗೆಲುವು" ಎಂಬ ನನ್ನ ಪದ ಅಳತೆ ಮೀರಿತ್ತು, ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಶಿಕ್ಷೆ ರದ್ದು ಮಾಡಿ, ಬಿಡುಗಡೆ ಮಾಡಿಸಿ ಎಂಬ ಭಾರತದ ಕೋರಿಕೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ದೂತಾವಾಸದ ಭೇಟಿ ಕೊಡಿ, ತೀರ್ಪನ್ನು ಪರಿಣಾಮಕಾರಿಯಾಗಿ ಮರುಪರಿಶೀಲಿಸಿ ಎಂದಷ್ಟೇ ಹೇಳಿತು. 2019ರ ಸೆಪ್ಟೆಂಬರ್ 2ರಂದು ನಮ್ಮ ಅಧಿಕಾರಿ ಅವರನ್ನು ಕಂಡರು. ಮುಕ್ತವಾಗಿ ಮಾತಾಡಲು ಬಿಡಲಿಲ್ಲ ಎಂಬ ಭಾರತದ ದೂರು ಹಾಗೇ ಉಳಿದಿದೆ. ಮರುಪರಿಶೀಲನೆಗೆಂದು 2021ರಲ್ಲಿ ಪಾಕಿಸ್ತಾನದ ಸಂಸತ್ತು ಒಂದು ಕಾಯ್ದೆ ಮಾಡಿತು. ಸೇನಾ ನ್ಯಾಯಾಲಯದ ಗಲ್ಲು ಶಿಕ್ಷೆ ಹೊರಬಿದ್ದದ್ದು 2017ರ ಏಪ್ರಿಲ್ 10ರಂದು. ಭಾರತ ಹೇಗ್‌ನ ಬಾಗಿಲು ತಟ್ಟಿದ್ದು ಮೇ 8ರಂದು, ಗಲ್ಲಿಗೇರಿಸಬಾರದೆಂಬ ಮಧ್ಯಂತರ ಆದೇಶ ಬಂದದ್ದು ಮೇ 18ರಂದು. ಆ ಆದೇಶದ ಹಿಂದೆ ಅಮೀನನೂ ಇರಲಿಲ್ಲ, ಪೊಲೀಸೂ ಇರಲಿಲ್ಲ. ಅವರನ್ನು ಗಲ್ಲಿಗೇರಿಸಿಲ್ಲ.

ಸಂಪಾದಕ